‘ಆಧಾರ ಎಲ್ಲಿದೆ?’ ಅಂತ ಕೇಳೋದನ್ನು ಮಕ್ಕಳಿಗೆ ಕಲಿಸೋರು ಯಾರು? ಮೇಷ್ಟ್ರು ಮತ್ತು ಲೈಬ್ರರಿಯ ನಡುವಿನ ಗೋಡೆ

2023ರ ಮಾರ್ಚ್ ನೆನಪು ಮಾಡಿಕೊಳ್ಳಿ. ವಿಧಾನಸಭಾ ಚುನಾವಣೆಗೆ ಎರಡು ತಿಂಗಳಷ್ಟೇ ಉಳಿದಿತ್ತು. ಮಂಡ್ಯ ಸೀಮೆಯ ತುಂಬ ಎರಡು ಹೆಸರು ಓಡಾಡುತ್ತಿದ್ದವು: ಉರಿಗೌಡ, ನಂಜೇಗೌಡ. ಶ್ರೀರಂಗಪಟ್ಟಣದಲ್ಲಿ ಟಿಪ್ಪುವನ್ನು ಕೊಂದದ್ದು ಬ್ರಿಟಿಷರಲ್ಲ, ಈ ಇಬ್ಬರು ಒಕ್ಕಲಿಗ ವೀರರು ಅನ್ನೋದು ಕಥೆ. ಬೆಂಗಳೂರು-ಮೈಸೂರು ಹೆದ್ದಾರಿ ಉದ್ಘಾಟನೆಗೆ ಪ್ರಧಾನಿ ಮಂಡ್ಯಕ್ಕೆ ಬಂದಾಗ ಸ್ವಾಗತ ಕಮಾನಿನ ಮೇಲೂ ಆ ಹೆಸರುಗಳು ಕಾಣಿಸಿಕೊಂಡವು, ವಿವಾದ ಎದ್ದ ಮೇಲೆ ಮಾಯವಾದವು. ಆಗ ಸಚಿವರಾಗಿದ್ದ ನಿರ್ಮಾಪಕ ಮುನಿರತ್ನ ಇದನ್ನೇ ಸಿನಿಮಾ ಮಾಡುತ್ತೇನೆ ಅಂದರು.

ಆ ಸಿನಿಮಾಕ್ಕೆ ಬ್ರೇಕ್ ಬಿದ್ದದ್ದು ಆದಿಚುಂಚನಗಿರಿ ಮಠದಲ್ಲಿ. ಪೀಠಾಧ್ಯಕ್ಷರಾದ ನಿರ್ಮಲಾನಂದನಾಥ ಸ್ವಾಮೀಜಿ ನಿರ್ಮಾಪಕರನ್ನು ಕರೆಸಿಕೊಂಡು ಮಾತಾಡಿದರು. ಶಾಸನವೋ ದಾಖಲೆಯೋ ಇದ್ದರೆ ಮೊದಲು ಅವನ್ನು ಒಟ್ಟುಮಾಡಿ, ಪರಿಶೀಲನೆ ಆಗಲಿ, ಅಲ್ಲಿಯವರೆಗೆ ಜನರಲ್ಲಿ ಗೊಂದಲ ಹುಟ್ಟಿಸೋದು ಬೇಡ ಅನ್ನೋದು ಅವರ ಮಾತಿನ ಸಾರ. ಸಿನಿಮಾ ನಿಂತಿತು.

ಇದರಿಂದ ಯಾವ ಪಕ್ಷಕ್ಕೆ ಲಾಭ, ಯಾವ ಪಕ್ಷಕ್ಕೆ ನಷ್ಟ ಅಂತ ನಾವೆಲ್ಲ ಸಾಕಷ್ಟು ಬರೆದೆವು. ಒಂದು ವಿಷಯ ಮಾತ್ರ ಹಾಗೇ ಉಳಿಯಿತು. ಅದೇ ವಾರಗಳಲ್ಲಿ ನಾಗಮಂಗಲ, ಪಾಂಡವಪುರ, ಕೆ.ಆರ್. ಪೇಟೆಯ ಹೈಸ್ಕೂಲು ಮಕ್ಕಳ ಮನೆಯ ಫೋನುಗಳಿಗೂ ಈ ಕಥೆ ಬಂದಿತ್ತು. ಎಂಟನೇ ಕ್ಲಾಸಿನ ಒಬ್ಬ ಹುಡುಗ ಎದ್ದು ನಿಂತು, ‘ಸಾ, ಟಿಪ್ಪೂನ ಕೊಂದಿದ್ ಯಾರು?’ ಅಂತ ಕೇಳಿದ ಅಂದುಕೊಳ್ಳಿ. ಮೇಷ್ಟ್ರ ಮುಂದೆ ಇರೋದು ಎರಡೇ ದಾರಿ. ‘ಬುಕ್ಕಲ್ಲಿ ಹೀಗಿದೆ, ಬರ್ಕೊ’ ಅನ್ನೋದು ಒಂದು. ‘ಅದೆಲ್ಲ ಈಗ ಬೇಡ, ಕೂತ್ಕೊ’ ಅನ್ನೋದು ಇನ್ನೊಂದು. ಎರಡರಲ್ಲೂ ಹುಡುಗ ಕಲಿಯೋ ಪಾಠ ಒಂದೇ: ಯಾರೋ ದೊಡ್ಡವರು ಹೇಳಿದ್ದು ಸತ್ಯ. ಫೋನಿನಲ್ಲಿ ಬಂದದ್ದೂ ದೊಡ್ಡವರೇ ಹೇಳಿದ್ದು.

ಮೂರನೇ ದಾರಿಯೂ ಇದೆ. ‘ಬಾ, ಹುಡುಕೋಣ’ ಅನ್ನೋದು. ಅದಕ್ಕೆ ಪುಸ್ತಕ ಬೇಕು. ಯಾವ ಪುಸ್ತಕ, ಯಾವ ಪುಟ, ಬರೆದವರು ಯಾರು, ಯಾವಾಗ ಬರೆದರು ಅಂತ ಹುಡುಕಿ ಕೊಡೋರೂ ಬೇಕು. ಹುಡುಕಿದ್ದನ್ನು ಆ ಮಗುವಿನ ಮಟ್ಟಕ್ಕೆ ಪಾಠವಾಗಿ ಇಳಿಸೋರು ಬೇಕು. ಮೊದಲ ಕೆಲಸ ಗ್ರಂಥಪಾಲಕರದ್ದು, ಎರಡನೆಯದು ಶಿಕ್ಷಕರದ್ದು. ಈ ಇಬ್ಬರನ್ನೂ ತಯಾರು ಮಾಡೋದಕ್ಕೆ ನಮ್ಮಲ್ಲಿ ಕೋರ್ಸುಗಳಿವೆ, ಡಿಗ್ರಿಗಳಿವೆ. ಆದರೆ ಇಬ್ಬರೂ ಒಬ್ಬರ ಮುಖ ಒಬ್ಬರು ನೋಡದೆ ತಯಾರಾಗುತ್ತಾರೆ.

ಬೀಗ ಹಾಕಿದ ಬೀರು

ನಾನು ಓದಿದ ಹಳ್ಳಿ ಶಾಲೆಯಲ್ಲಿ ಲೈಬ್ರರಿ ಅಂದರೆ ಹೆಡ್ ಮೇಷ್ಟ್ರ ಕೊಠಡಿಯ ಕಬ್ಬಿಣದ ಬೀರು. ಅದರ ಬಾಗಿಲು ತೆಗೆದದ್ದನ್ನು ನಾನು ನೋಡಿದ್ದು ಎರಡು ಸಲ. ಒಂದು ಸಲ ಇನ್ಸ್‌ಪೆಕ್ಷನ್‌ಗೆ ಮೊದಲು ಧೂಳು ಹೊಡೆಯೋಕೆ, ಇನ್ನೊಂದು ಸಲ ಇಲಿ ಹೊಕ್ಕಿದ್ದಕ್ಕೆ. ಆಗ ಮೇಷ್ಟ್ರ ಮೇಲೆ ಸಿಟ್ಟಿತ್ತು. ಆಮೇಲೆ ಶಿಕ್ಷಕ ಗೆಳೆಯರ ಜೊತೆ ಮಾತಾಡಿದಾಗ ಬೀಗದ ಅರ್ಥ ಆಯಿತು. ಬೀರುವಿನ ಪುಸ್ತಕಗಳು ದಾಸ್ತಾನು ವಹಿಯಲ್ಲಿ ನಮೂದಾಗಿರುತ್ತವೆ. ವರ್ಗಾವಣೆ ಆದಾಗ ಚಾರ್ಜ್ ಕೊಡಬೇಕು, ಲೆಕ್ಕ ತಾಳೆಯಾಗಬೇಕು. ಮಕ್ಕಳ ಕೈಗೆ ಕೊಟ್ಟು ಹತ್ತು ಪುಸ್ತಕ ಹರಿದುಹೋದರೆ ಕೇಳೋದು ಯಾರನ್ನ? ಇನ್‌ಚಾರ್ಜ್ ಇರೋ ಮೇಷ್ಟ್ರನ್ನ. ಪುಸ್ತಕ ಓದಿಸಿದವರಿಗೆ ಬಹುಮಾನ ಇಲ್ಲ, ಕಳೆದವರಿಗೆ ವಿವರಣೆ ಬರೆಯೋ ಕೆಲಸ ಇದೆ. ಹೀಗಿದ್ದಾಗ ಬೀಗವೇ ಬುದ್ಧಿವಂತಿಕೆ.

ಕಾನೂನು ಏನು ಹೇಳುತ್ತೆ ನೋಡಿ. 2009ರ ಶಿಕ್ಷಣ ಹಕ್ಕು ಕಾಯ್ದೆಯ ಅನುಸೂಚಿಯ ಪ್ರಕಾರ ಪ್ರತಿ ಶಾಲೆಯಲ್ಲೂ ಗ್ರಂಥಾಲಯ ಇರಬೇಕು, ಅಲ್ಲಿ ದಿನಪತ್ರಿಕೆ, ನಿಯತಕಾಲಿಕೆ, ಕಥೆ ಪುಸ್ತಕಗಳೂ ಸೇರಿದಂತೆ ಎಲ್ಲ ವಿಷಯಗಳ ಪುಸ್ತಕ ಇರಬೇಕು. ಅದೇ ಅನುಸೂಚಿ ನೂರಕ್ಕಿಂತ ಹೆಚ್ಚು ಮಕ್ಕಳಿರುವ ಆರರಿಂದ ಎಂಟನೇ ತರಗತಿಗಳಿಗೆ ಚಿತ್ರಕಲೆ, ದೈಹಿಕ ಶಿಕ್ಷಣ, ಕಾರ್ಯಾನುಭವದ ಅರೆಕಾಲಿಕ ಬೋಧಕರು ಬೇಕು ಅನ್ನುತ್ತೆ. ಗ್ರಂಥಪಾಲಕರು ಬೇಕು ಅಂತ ಎಲ್ಲೂ ಇಲ್ಲ. ಪುಸ್ತಕಕ್ಕೆ ಹಕ್ಕಿದೆ, ಪುಸ್ತಕ ಕೊಡೋರಿಗೆ ಹುದ್ದೆ ಇಲ್ಲ. ಕೇಂದ್ರೀಯ ವಿದ್ಯಾಲಯ, ನವೋದಯಗಳಿಗೆ ಗ್ರಂಥಪಾಲಕರ ನೇಮಕಾತಿ ನಡೆಯುತ್ತೆ. ಪಕ್ಕದ ಊರಿನ ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆಯ ಮಕ್ಕಳಿಗೆ ‘ಲೈಬ್ರರಿ ಇನ್‌ಚಾರ್ಜ್’ ಅನ್ನೋ ಹೆಚ್ಚುವರಿ ಹೊರೆ ಹೊತ್ತ ಮೇಷ್ಟ್ರೇ ಗತಿ.

ದುಡ್ಡೇ ಇಲ್ಲ ಅಂತಲೂ ಅಲ್ಲ. ಸಮಗ್ರ ಶಿಕ್ಷಣ ಯೋಜನೆ 2018ರಲ್ಲಿ ಬಂದಾಗಲೇ ಶಾಲೆಯ ಮಟ್ಟಕ್ಕೆ ತಕ್ಕಂತೆ ವರ್ಷಕ್ಕೆ 5,000ದಿಂದ 20,000 ರೂಪಾಯಿವರೆಗೆ ಪುಸ್ತಕದ ಅನುದಾನ ಗೊತ್ತುಮಾಡಿತ್ತು. ಆ ದುಡ್ಡಿನಲ್ಲಿ ಯಾವ ಪುಸ್ತಕ ತರಬೇಕು, ಎರಡನೇ ಕ್ಲಾಸಿನ ಮಗುವಿಗೆ ಯಾವುದು, ಓದೋಕೆ ತಡವರಿಸೋ ಆರನೇ ಕ್ಲಾಸಿನವನಿಗೆ ಯಾವುದು ಅಂತ ತೀರ್ಮಾನಿಸೋದು ಒಂದು ವಿದ್ಯೆ. ಆ ವಿದ್ಯೆಯನ್ನು ಆ ಮೇಷ್ಟ್ರಿಗೆ ಯಾರೂ ಹೇಳಿಕೊಟ್ಟಿಲ್ಲ.

ಇದು ಸಣ್ಣ ವಿಷಯವಲ್ಲ. ಗ್ರಾಮೀಣ ಭಾರತದಲ್ಲಿ ಮೂರನೇ ತರಗತಿಯ ಮಕ್ಕಳ ಪೈಕಿ ಎರಡನೇ ತರಗತಿಯ ಪಠ್ಯ ಓದಬಲ್ಲವರು ‘ಅಸರ್’ ಸಮೀಕ್ಷೆಯ ಪ್ರಕಾರ 2022ರಲ್ಲಿ ಶೇ. 20.5, 2024ರಲ್ಲಿ ಶೇ. 27.1. ಅಂದರೆ ಚೇತರಿಸಿಕೊಂಡ ಮೇಲೂ ನಾಲ್ವರಲ್ಲಿ ಒಬ್ಬರಿಗಿಂತ ಸ್ವಲ್ಪ ಹೆಚ್ಚು, ಅಷ್ಟೇ. ಓದೋಕೇ ಬಾರದ ಮಗುವಿನ ಮುಂದೆ ‘ಆಧಾರ ನೋಡು’ ಅನ್ನೋದು ತಮಾಷೆಯ ಮಾತು.

ನೋ ಡ್ಯೂ ಸರ್ಟಿಫಿಕೇಟಿನ ಸಂಬಂಧ

ಬಿ.ಇಡಿ ಮಾಡಿದವರನ್ನು ಕೇಳಿ ನೋಡಿ: ಕಾಲೇಜಿನ ಗ್ರಂಥಪಾಲಕರ ಜೊತೆ ನಿಮ್ಮ ಒಡನಾಟ ಏನಿತ್ತು? ಮೊದಲ ವಾರ ಲೈಬ್ರರಿ ಕಾರ್ಡ್, ಕೊನೆಯ ವಾರ ನೋ ಡ್ಯೂ ಸರ್ಟಿಫಿಕೇಟ್. ನಡುವೆ ಎರಡು ವರ್ಷ.

ಎನ್‌ಸಿಟಿಇಯ 2014ರ ನಿಯಮಗಳ ಪ್ರಕಾರ ಬಿ.ಇಡಿ ಕಾಲೇಜಿಗೆ ಗ್ರಂಥಾಲಯವೂ ಗ್ರಂಥಪಾಲಕರೂ ಕಡ್ಡಾಯ. ಅದೇ ನಿಯಮಗಳಡಿ ಬಿ.ಇಡಿ ಎರಡು ವರ್ಷದ ಕೋರ್ಸಾಯಿತು. ಪಠ್ಯಗಳನ್ನು ಓದಿ ಅವುಗಳ ಬಗ್ಗೆ ಚಿಂತಿಸೋದೇ ವಿಷಯವಾಗಿರುವ ಒಂದು ಕೋರ್ಸೂ ಸೇರಿಕೊಂಡಿತು. ಎರಡನೇ ವರ್ಷದಲ್ಲಿ 16 ವಾರಗಳ ಶಾಲಾ ಇಂಟರ್ನ್‌ಶಿಪ್ ಬಂತು. ಕಾಗದದ ಮೇಲೆ ಎಷ್ಟು ಚೆನ್ನಾಗಿದೆ ನೋಡಿ. ಓದು ಕಲಿಸೋ ಕೋರ್ಸ್ ಇದೆ, ಪುಸ್ತಕ ಬಲ್ಲವರು ಅದೇ ಕಟ್ಟಡದಲ್ಲಿದ್ದಾರೆ, ನಾಲ್ಕು ತಿಂಗಳು ಶಾಲೆಯಲ್ಲಿ ಕಳೆಯೋ ಅವಕಾಶ ಇದೆ. ಆದರೆ ಗ್ರಂಥಪಾಲಕರನ್ನು ನಿಯಮಾವಳಿ ಎಣಿಸಿರೋದು ಸಿಬ್ಬಂದಿಯ ಪಟ್ಟಿಯಲ್ಲಿ, ಬೋಧಕರ ಪಟ್ಟಿಯಲ್ಲಲ್ಲ. ಹಾಗಾಗಿ ಆ ಓದಿನ ಕೋರ್ಸನ್ನು ಅವರು ಕಲಿಸೋಲ್ಲ, ಇಂಟರ್ನ್‌ಶಿಪ್‌ನ ಮೇಲ್ವಿಚಾರಣೆಗೂ ಹೋಗೋಲ್ಲ. ಪ್ರಶಿಕ್ಷಣಾರ್ಥಿ ಆ 16 ವಾರಗಳಲ್ಲಿ ಪಾಠಯೋಜನೆ ಬರೆಯುತ್ತಾರೆ, ಚಾರ್ಟ್ ಅಂಟಿಸುತ್ತಾರೆ, ಘಟಕ ಪರೀಕ್ಷೆಗೆ ನೀಲನಕ್ಷೆ ಹಾಕುತ್ತಾರೆ. ಶಾಲೆಯ ಬೀರುವಿನ ಬೀಗದ ಕೈ ಯಾರ ಹತ್ತಿರ ಇದೆ ಅಂತ ಕೇಳೋಕೆ ಅವರಿಗೆ ಯಾವ ಅಂಕವೂ ಇಲ್ಲ.

ಆಚೆ ಬದಿಯೂ ಹಾಗೇ. ಮೈಸೂರಿನ ಮಾನಸಗಂಗೋತ್ರಿಯಲ್ಲಿ ಶಿಕ್ಷಣ ವಿಭಾಗವೂ ಇದೆ, ಗ್ರಂಥಾಲಯ ವಿಜ್ಞಾನ ವಿಭಾಗವೂ ಇದೆ. ಪಕ್ಕದ ಮುಕ್ತ ವಿಶ್ವವಿದ್ಯಾಲಯ ಬಿ.ಇಡಿಯನ್ನೂ ಕೊಡುತ್ತೆ, ಬಿ.ಲಿಬ್ ಅನ್ನೂ ಕೊಡುತ್ತೆ. ಮಂಡ್ಯದ ಕಡೆಯ ಎಷ್ಟೋ ಹುಡುಗ-ಹುಡುಗಿಯರು ಈ ಎರಡರಲ್ಲಿ ಒಂದನ್ನು ಹಿಡಿದು ಹೋಗುತ್ತಾರೆ. ಬಿ.ಲಿಬ್‌ನವರು ವರ್ಗೀಕರಣ, ಸೂಚೀಕರಣ, ಲೈಬ್ರರಿ ಸಾಫ್ಟ್‌ವೇರ್ ಕಲಿಯುತ್ತಾರೆ. ಒಂಬತ್ತು ವರ್ಷದ ಮಗು ಪುಸ್ತಕವನ್ನು ಹೇಗೆ ಆರಿಸಿಕೊಳ್ಳುತ್ತೆ, ಓದೋಕೆ ಹೆದರೋ ಮಗುವಿನ ಜೊತೆ ಹೇಗೆ ಕೂರಬೇಕು ಅನ್ನೋದು ಬಿ.ಇಡಿಯವರ ಸಿಲಬಸ್ಸು. ಇಬ್ಬರೂ ಸೇರೋದು ಬಹುಶಃ ಕ್ಯಾಂಟೀನಿನಲ್ಲಿ.

ಇದರಲ್ಲೊಂದು ವ್ಯಂಗ್ಯ ಇದೆ. ಈ ದೇಶದಲ್ಲಿ ಗ್ರಂಥಾಲಯ ವಿಜ್ಞಾನಕ್ಕೆ ಅಡಿಪಾಯ ಹಾಕಿದ ಎಸ್.ಆರ್. ರಂಗನಾಥನ್ ಮೂಲತಃ ಮೇಷ್ಟ್ರು. ಶಿಕ್ಷಕ ತರಬೇತಿ ಪಡೆದು 1917ರಲ್ಲಿ ಮಂಗಳೂರಿನ ಸರ್ಕಾರಿ ಕಾಲೇಜಿನಲ್ಲಿ ಗಣಿತ ಹೇಳಿಕೊಡೋಕೆ ಸೇರಿದವರು. ಮದ್ರಾಸ್ ವಿಶ್ವವಿದ್ಯಾಲಯದ ಗ್ರಂಥಪಾಲಕರಾಗಿದ್ದು 1924ರಲ್ಲಿ. ಗ್ರಂಥಾಲಯದ ಪಂಚಸೂತ್ರಗಳನ್ನು ಪ್ರಕಟಿಸಿದ್ದು 1931ರಲ್ಲಿ, ಅದರಲ್ಲಿ ಮೊದಲನೆಯದೇ ಪುಸ್ತಕ ಇರೋದು ಬಳಕೆಗೆ ಅನ್ನೋದು. ಶಾಲಾ ಕಾಲೇಜುಗಳ ಗ್ರಂಥಾಲಯದ ಬಗ್ಗೆಯೇ ಬೇರೆ ಪುಸ್ತಕ ಬರೆದರು. ಕೊನೆಯ ದಿನಗಳನ್ನು ಬೆಂಗಳೂರಿನಲ್ಲಿ ಕಳೆದು, 1962ರಲ್ಲಿ ಇಲ್ಲೇ ಡಿಆರ್‌ಟಿಸಿ ಕಟ್ಟಿ, 1972ರಲ್ಲಿ ಇಲ್ಲೇ ತೀರಿಕೊಂಡರು. ಅವರ ಒಂದೇ ಬದುಕಿನಲ್ಲಿ ಕೂಡಿದ್ದ ಎರಡು ಕಸುಬನ್ನು ನಾವು ಎರಡು ಡಿಪಾರ್ಟ್‌ಮೆಂಟ್ ಮಾಡಿ ನಡುವೆ ಗೋಡೆ ಎಬ್ಬಿಸಿದೆವು.

ಒಟ್ಟಿಗೆ ಕೆಲಸ ಮಾಡೋದು ಅಂದರೇನು?

ಈ ಮಾತನ್ನು ಆದರ್ಶದಂತೆ ಹೇಳಿ ಬಿಟ್ಟರೆ ಏನೂ ತಿಳಿಯೋಲ್ಲ. ಒಂದು ಉದಾಹರಣೆ ತಗೊಳ್ಳಿ. ಹೈಸ್ಕೂಲಿನ ಸಮಾಜ ವಿಜ್ಞಾನದಲ್ಲಿ ಮೈಸೂರು ಸಂಸ್ಥಾನದ ಪಾಠ ಬರುತ್ತೆ. ವಿಶ್ವೇಶ್ವರಯ್ಯ, ಕೃಷ್ಣರಾಜ ಒಡೆಯರ್, ಕನ್ನಂಬಾಡಿ ಕಟ್ಟೆ. ನಮ್ಮ ಸೀಮೆಯ ಪ್ರತಿ ಮಗುವಿಗೂ ಇದು ಮನೆಯ ಮಾತು, ಗದ್ದೆಗೆ ನೀರು ಬರೋದೇ ಅಲ್ಲಿಂದ. ಮಾಮೂಲಿ ಪಾಠ ಒಂದು ಪೀರಿಯಡ್ಡಿನಲ್ಲಿ ಮುಗಿಯುತ್ತೆ: 1911ರಲ್ಲಿ ಕೆಲಸ ಶುರು, ಇಷ್ಟು ಎತ್ತರ, ಇಷ್ಟು ಎಕರೆ ನೀರಾವರಿ, ಬರ್ಕೊಳ್ಳಿ.

ಈಗ ಮೇಷ್ಟ್ರು ಮೂರು ವಾರ ಮೊದಲೇ ಗ್ರಂಥಪಾಲಕರಿಗೆ, ‘ಮುಂದಿನ ತಿಂಗಳು ಕನ್ನಂಬಾಡಿ ಪಾಠ ಇದೆ, ಏನಿದೆ ನಿಮ್ಮ ಹತ್ರ?’ ಅಂತ ಕೇಳಿದರು ಅನ್ನಿ. ಗ್ರಂಥಪಾಲಕರು ವಿಶ್ವೇಶ್ವರಯ್ಯನವರ ಒಂದು ಜೀವನಚರಿತ್ರೆ, ಜಿಲ್ಲಾ ಗೆಜೆಟಿಯರ್, ಒಂದು ಹಳೇ ನಕ್ಷೆ, ಕಾವೇರಿ ಹೋರಾಟದ ಪತ್ರಿಕಾ ತುಣುಕು ತೆಗೆದಿಡುತ್ತಾರೆ. ಗೆಜೆಟಿಯರ್ ಭಾಷೆ ಮಕ್ಕಳಿಗೆ ಕಷ್ಟ ಅಂತ ಮೇಷ್ಟ್ರು ಹೇಳುತ್ತಾರೆ, ಇಬ್ಬರೂ ಕೂತು ಎರಡು ಪ್ಯಾರಾ ಸರಳ ಮಾಡುತ್ತಾರೆ. ಕ್ಲಾಸಿನಲ್ಲಿ ಕೇಳೋ ಪ್ರಶ್ನೆ ‘ಕಟ್ಟಿದ್ದು ಯಾರು?’ ಅನ್ನೋದಲ್ಲ. ‘ಕನ್ನಂಬಾಡಿ ಅನ್ನೋ ಊರು ಎಲ್ಲಿಗೆ ಹೋಯಿತು?’ ಅನ್ನೋದು. ಊರು ಮುಳುಗಿತು, ಜನ ಎದ್ದು ಹೋದರು, ಆ ಊರಿನ ವೇಣುಗೋಪಾಲಸ್ವಾಮಿ ದೇವಸ್ಥಾನ ಎಷ್ಟೋ ದಶಕ ನೀರಲ್ಲಿತ್ತು, ಈಗ ಹೊಸ ಕನ್ನಂಬಾಡಿಯಲ್ಲಿ ನಿಂತಿದೆ. ಯಾವ ಪುಸ್ತಕ ಮುಳುಗಿದ ಊರಿನ ಬಗ್ಗೆ ಮಾತಾಡುತ್ತೆ, ಯಾವುದು ಸುಮ್ಮನಿರುತ್ತೆ? ಯಾಕೆ? ಇಷ್ಟು ಹುಡುಕಿದ ಮಗು ಮನೆಗೆ ಹೋಗಿ ಅಜ್ಜನನ್ನು ಕೇಳುತ್ತೆ. ಅಜ್ಜನ ಮಾತೂ ಒಂದು ಆಧಾರ, ಅದನ್ನು ಎಷ್ಟು ನಂಬಬೇಕು ಅನ್ನೋದೂ ಪಾಠ.

ಟಿಪ್ಪುವಿನ ಪ್ರಶ್ನೆಗೂ ಇದೇ ದಾರಿ. 1799ರ ಮೇ 4ರಂದು ಶ್ರೀರಂಗಪಟ್ಟಣದ ಕೋಟೆಯಲ್ಲಿ ಏನಾಯಿತು ಅನ್ನೋದಕ್ಕೆ ಗೆದ್ದ ಬ್ರಿಟಿಷರು ಬರೆದಿಟ್ಟದ್ದು ಇದೆ, ಈ ಸೀಮೆಯವರು ಹಾಡಿಕೊಂಡು ಬಂದ ಲಾವಣಿಗಳಿವೆ. ಇವು ಒಂದೇ ತೂಕದವಲ್ಲ, ಒಂದೇ ಕಾಲದವೂ ಅಲ್ಲ. ಇವನ್ನೆಲ್ಲ ಪಕ್ಕಪಕ್ಕ ಇಟ್ಟು ನೋಡಿದ ಮಗುವಿಗೆ ಉರಿಗೌಡ ನಂಜೇಗೌಡರ ಬಗ್ಗೆ ನಾವು ಭಾಷಣ ಮಾಡಬೇಕಿಲ್ಲ. ಅದೇ ಕೇಳುತ್ತೆ: ಇದು ಎಲ್ಲಿ ಬರೆದಿದೆ ಸಾ?

ಹೊರಗಿನ ದೇಶಗಳು ಇದನ್ನು ಬೇರೆ ಥರ ಬಿಡಿಸಿಕೊಂಡಿವೆ. ಆಸ್ಟ್ರೇಲಿಯಾದಲ್ಲಿ ಶಿಕ್ಷಣ ಮತ್ತು ಗ್ರಂಥಾಲಯ ಎರಡರಲ್ಲೂ ಅರ್ಹತೆ ಇರುವ ‘ಟೀಚರ್ ಲೈಬ್ರೇರಿಯನ್’ ಅನ್ನೋ ಕಸುಬೇ ಇದೆ. ಯುನೆಸ್ಕೋ ಮತ್ತು ಇಫ್ಲಾ 1999ರಲ್ಲಿ ಹೊರಡಿಸಿದ ಶಾಲಾ ಗ್ರಂಥಾಲಯ ಪ್ರಣಾಳಿಕೆಯೂ ಶಿಕ್ಷಕರು, ಗ್ರಂಥಪಾಲಕರು ಕೂಡಿ ದುಡಿದ ಕಡೆ ಮಕ್ಕಳ ಓದು ಮತ್ತು ಕಲಿಕೆ ಮೇಲೇರುತ್ತೆ ಅನ್ನುತ್ತೆ. ನಮ್ಮ ದೇಶದಲ್ಲೂ ಟಾಟಾ ಟ್ರಸ್ಟ್‌ನ ‘ಪರಾಗ್’ ನಡೆಸುವ ಲೈಬ್ರರಿ ಎಜುಕೇಟರ್ಸ್ ಕೋರ್ಸಿನಲ್ಲಿ ಶಿಕ್ಷಕರೂ ಗ್ರಂಥಾಲಯದವರೂ ಒಟ್ಟಿಗೆ ಕೂತು ಕಲಿಯುತ್ತಾರೆ. ಆದರೆ ಹತ್ತಾರು ಸಾವಿರ ಅತಿಥಿ ಶಿಕ್ಷಕರಿಂದ ಶಾಲೆ ನಡೆಸುತ್ತಿರುವ ಕರ್ನಾಟಕ, ನಾಳೆಯೇ ಪ್ರತಿ ಶಾಲೆಗೂ ಗ್ರಂಥಪಾಲಕರನ್ನು ಕೊಡುತ್ತೆ ಅಂತ ನಾನು ನಂಬೋಲ್ಲ. ನೀವೂ ನಂಬಬೇಡಿ.

ಅರಿವು ಕೇಂದ್ರ ಎಷ್ಟು ದೂರ?

ಹಾಗಿದ್ದರೆ ಮೇಷ್ಟ್ರ ಜೊತೆಗಾರರು ಎಲ್ಲಿ? ಶಾಲೆಯ ಕಾಂಪೌಂಡಿನ ಆಚೆ, ಪಂಚಾಯಿತಿ ಕಟ್ಟಡದ ಪಕ್ಕ. 2019ರಲ್ಲಿ ಸರ್ಕಾರ 5,600ಕ್ಕೂ ಹೆಚ್ಚು ಗ್ರಾಮ ಪಂಚಾಯಿತಿ ಗ್ರಂಥಾಲಯಗಳನ್ನು ಸಾರ್ವಜನಿಕ ಗ್ರಂಥಾಲಯ ಇಲಾಖೆಯಿಂದ ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತ್ ರಾಜ್ ಇಲಾಖೆಗೆ ವಹಿಸಿತು. 2020ರ ನವೆಂಬರಿನಲ್ಲಿ, ಕೋವಿಡ್‌ನಿಂದ ಶಾಲೆಗಳು ಮುಚ್ಚಿದ್ದಾಗ, ‘ಓದುವ ಬೆಳಕು’ ಶುರುವಾಯಿತು. 6ರಿಂದ 18 ವರ್ಷದ ಮಕ್ಕಳಿಗೆ ಉಚಿತ ಸದಸ್ಯತ್ವ. ಲಕ್ಷಾಂತರ ಮಕ್ಕಳು ಸೇರಿದರು, ಊರೂರಲ್ಲಿ ಗೋಡೆಗೆ ಬಣ್ಣ ಬಂತು, ಕೇರಂ ಬೋರ್ಡು ಬಂತು, ಕಂಪ್ಯೂಟರ್ ಬಂತು. ಹೆಸರೂ ‘ಅರಿವು ಕೇಂದ್ರ’ ಅಂತ ಆಯಿತು. ನಮ್ಮ ರಾಜ್ಯ ಇತ್ತೀಚೆಗೆ ಮಾಡಿದ ಒಳ್ಳೇ ಕೆಲಸಗಳ ಪಟ್ಟಿ ಹಾಕಿದರೆ ನಾನು ಇದನ್ನು ಮೇಲೇ ಬರೆಯುತ್ತೇನೆ.

ಈ ಕೇಂದ್ರಗಳನ್ನು ನಡೆಸೋರು ಗ್ರಂಥಾಲಯ ಮೇಲ್ವಿಚಾರಕರು. ದಶಕಗಟ್ಟಲೆ ಪುಡಿಗಾಸಿನ ಗೌರವಧನಕ್ಕೆ ದುಡಿದು, ಕನಿಷ್ಠ ವೇತನಕ್ಕಾಗಿ ಬೀದಿಗಿಳಿದವರು. ಊರಿನ ಯಾವ ಮಗು ಏನು ಓದುತ್ತೆ, ಯಾವ ಮಗು ಬರೀ ಆಡೋಕೆ ಬರುತ್ತೆ, ಯಾವ ಹುಡುಗಿಯನ್ನು ಮನೆಯವರು ಸಂಜೆ ಹೊರಗೆ ಕಳಿಸೋಲ್ಲ ಅಂತ ಇವರಿಗೆ ಗೊತ್ತು. ಯಾವ ಮಗು ಯಾವ ಅಕ್ಷರದಲ್ಲಿ ಸಿಕ್ಕಿಹಾಕಿಕೊಂಡಿದೆ ಅಂತ ಮೇಷ್ಟ್ರಿಗೆ ಗೊತ್ತು. ಎರಡು ತಿಳಿವಳಿಕೆ ನೂರು ಮೀಟರ್ ಅಂತರದಲ್ಲಿ ಬೇರೆಬೇರೆ ಕೂತಿವೆ. ಯಾಕೆ ಸೇರೋಲ್ಲ? ಶಾಲೆ ಬಿಇಒ ಕೈಕೆಳಗೆ, ಗ್ರಂಥಾಲಯ ಪಿಡಿಒ ಕೈಕೆಳಗೆ. ಒಂದು ಇಲಾಖೆಯ ಸುತ್ತೋಲೆ ಇನ್ನೊಂದರ ಬಾಗಿಲಿಗೆ ಬರೋಲ್ಲ. ಸಿಆರ್‌ಪಿಗಳು ನಡೆಸೋ ಕ್ಲಸ್ಟರ್ ಮಟ್ಟದ ಸಮಾಲೋಚನಾ ಸಭೆಗೆ ಆ ವ್ಯಾಪ್ತಿಯ ಮೇಲ್ವಿಚಾರಕರನ್ನು ಕರೆಯೋಕೆ ತಗಲೋ ಖರ್ಚು ಇನ್ನೆರಡು ಲೋಟ ಟೀ.

ಈ ಗ್ರಂಥಾಲಯ ನಮ್ಮದೇ ದುಡ್ಡಿನದ್ದು ಅನ್ನೋದನ್ನೂ ಮರೆಯಬೇಡಿ. 1965ರ ಕರ್ನಾಟಕ ಸಾರ್ವಜನಿಕ ಗ್ರಂಥಾಲಯಗಳ ಕಾಯ್ದೆಯಡಿ ಆಸ್ತಿ ತೆರಿಗೆಯ ಮೇಲೆ ಶೇ. 6ರಷ್ಟು ಗ್ರಂಥಾಲಯ ಕರ ಬೀಳುತ್ತೆ. ಮನೆಯ ಕಂದಾಯದ ರಸೀದಿ ತೆಗೆದು ನೋಡಿ.

ಪುಸ್ತಕ ರಾಶಿ ಬಿದ್ದರೆ ಸಾಕು, ಓದು ತಾನಾಗಿ ಬರುತ್ತೆ ಅನ್ನೋ ನಂಬಿಕೆಯೊಂದು ನಮ್ಮಲ್ಲಿದೆ. ಅದಕ್ಕೆ ಉತ್ತರ ಪಾಂಡವಪುರ ತಾಲ್ಲೂಕಿನ ಹರಳಹಳ್ಳಿಯಲ್ಲಿದೆ. ಬಸ್ ಕಂಡಕ್ಟರ್ ಆಗಿದ್ದು, ಆಮೇಲೆ ಸಕ್ಕರೆ ಕಾರ್ಖಾನೆಯಲ್ಲಿ ದುಡಿದ ಅಂಕೇಗೌಡರು ಅಲ್ಲಿ ಕಟ್ಟಿದ ‘ಪುಸ್ತಕ ಮನೆ’ಯಲ್ಲಿ 20 ಲಕ್ಷದಷ್ಟು ಪುಸ್ತಕಗಳಿವೆ ಅನ್ನುತ್ತಾರೆ. 2026ರಲ್ಲಿ ಅವರಿಗೆ ಪದ್ಮಶ್ರೀ ಬಂತು, ಬರಲೇಬೇಕಿತ್ತು. ಕಪಾಟು ಸಾಲದೆ ನೆಲದ ಮೇಲೂ ಪುಸ್ತಕಗಳ ರಾಶಿ ಬೆಳೆದಿದೆ, ಹುಡುಕೋರು ಕೈಯಾರೆ ಹುಡುಕಬೇಕು. ಒಬ್ಬ ಮನುಷ್ಯ ಒಂದು ಜೀವಮಾನದಲ್ಲಿ ಇಷ್ಟು ಮಾಡಿದ್ದೇ ಪವಾಡ, ಅವರನ್ನು ಇನ್ನೇನಾದರೂ ಕೇಳೋಕೆ ನಮಗೆ ಬಾಯಿಲ್ಲ. ಕೇಳಬೇಕಾಗಿರೋದು ಬಿ.ಇಡಿ ಮತ್ತು ಬಿ.ಲಿಬ್ ನಡೆಸೋ ಸಂಸ್ಥೆಗಳನ್ನು. ಎರಡೂ ಕೋರ್ಸಿನವರನ್ನು ಜೋಡಿ ಮಾಡಿ ಹದಿನೈದು ದಿನ ಆ ಮನೆಗೆ ಕಳಿಸಿದ್ದರೆ? ಒಬ್ಬರು ಪಟ್ಟಿ ಮಾಡುತ್ತಿದ್ದರು, ಇನ್ನೊಬ್ಬರು ಸುತ್ತಲ ಶಾಲೆಗಳ ಯಾವ ಪಾಠಕ್ಕೆ ಯಾವ ಪುಸ್ತಕ ಅಂತ ಗುರುತು ಹಾಕುತ್ತಿದ್ದರು.

ಎರಡು ಆಕ್ಷೇಪಗಳಿವೆ, ಎರಡೂ ಗಟ್ಟಿಯಾದವು. ಶಿಕ್ಷಕರು ಈಗಾಗಲೇ ಬಿಸಿಯೂಟದ ಲೆಕ್ಕ, ಎಸ್‌ಎಟಿಎಸ್ ಎಂಟ್ರಿ, ಬಿಎಲ್‌ಒ ಕೆಲಸದಲ್ಲಿ ಹೈರಾಣಾಗಿದ್ದಾರೆ. 2025ರ ಸಾಮಾಜಿಕ-ಶೈಕ್ಷಣಿಕ ಸಮೀಕ್ಷೆಗಾಗಿ ದಸರಾ ರಜೆಯನ್ನೇ ವಿಸ್ತರಿಸಿ ಅವರನ್ನು ಮನೆಮನೆಗೆ ಕಳಿಸಿದ್ದನ್ನು ನೋಡಿದ್ದೇವೆ. ಇದರ ಮೇಲೆ ಲೈಬ್ರರಿ ಜೊತೆ ಸಭೆ ಅಂದರೆ ಯಾರಿಗೆ ತಾನೇ ಸಿಟ್ಟು ಬರೋಲ್ಲ? ಅದಕ್ಕೇ ನಾನು ಸೇವೆಯಲ್ಲಿರುವವರಿಂದ ಅಲ್ಲ, ತರಬೇತಿಯಲ್ಲಿರುವವರಿಂದ ಶುರುಮಾಡಿ ಅನ್ನೋದು. ಇನ್ನೊಂದು ಆಕ್ಷೇಪ ಬಿ.ಲಿಬ್, ಎಂ.ಲಿಬ್ ಮಾಡಿ ಕೆಲಸವಿಲ್ಲದೆ ಕೂತವರದ್ದು. ಅರಿವು ಕೇಂದ್ರವನ್ನು ತೋರಿಸಿ ಶಾಲೆಗಳಲ್ಲಿ ಹುದ್ದೆ ಸೃಷ್ಟಿಸೋದನ್ನು ಸರ್ಕಾರ ಮುಂದೂಡುತ್ತೆ ಅನ್ನೋದು ಅವರ ಭಯ. ಭಯ ನಿಜ. ಕಡಿಮೆ ಸಂಬಳದ ಮೇಲ್ವಿಚಾರಕರ ಹೆಗಲಿಗೆ ಶಾಲೆಯ ಕೆಲಸವನ್ನೂ ಪುಕ್ಕಟೆ ಹೇರೋದು ಅನ್ಯಾಯ. ಕನಿಷ್ಠ ಪ್ರೌಢಶಾಲೆಗಳಿಗಾದರೂ ಹುದ್ದೆ ಬೇಕು ಅನ್ನೋ ಬೇಡಿಕೆಯ ಪರ ನಾನಿದ್ದೇನೆ. ಆದರೆ ಮೇಷ್ಟ್ರ ಜೊತೆ ಕೆಲಸ ಮಾಡೋದನ್ನು ಕಲಿಯದ ಗ್ರಂಥಪಾಲಕರನ್ನು ತಂದು ಕೂರಿಸಿದರೆ ನಮಗೆ ಸಿಗೋದು ಇನ್ನೊಂದು ಬೀರು, ಇನ್ನೊಂದು ಬೀಗ.

ಬಿ.ಇಡಿ ಸಿಲಬಸ್ಸು ಮತ್ತೆ ಬರೆಯೋ ಹೊತ್ತೂ ಇದೇ. 2025ರ ಫೆಬ್ರವರಿಯಲ್ಲಿ ಎನ್‌ಸಿಟಿಇ ಹೊಸ ಕರಡು ನಿಯಮ ಹೊರಡಿಸಿತು. ನಾಲ್ಕು ವರ್ಷದ ಪದವಿ ಅಥವಾ ಸ್ನಾತಕೋತ್ತರ ಪದವಿ ಮುಗಿಸಿದವರಿಗೆ ಒಂದು ವರ್ಷದ ಬಿ.ಇಡಿ ತರೋ ಪ್ರಸ್ತಾಪ ಅದರಲ್ಲಿದೆ. ಅವಧಿ ಕಡಿಮೆಯಾದರೆ ಕತ್ತರಿ ಬೀಳೋದು ಇಂಥ ‘ಪರೀಕ್ಷೆಗೆ ಬಾರದ’ ಕೆಲಸಗಳಿಗೇ. ಕಾಯೋ ಬದಲು ಯಾರಾದರೂ ಮಾಡಿ ತೋರಿಸಬೇಕು. ಆದಿಚುಂಚನಗಿರಿಗೆ ಆ ಅನುಕೂಲ ಇದೆ. ಬಿ.ಜಿ. ನಗರದಲ್ಲಿ 2018ರಿಂದ ಸ್ವಂತ ವಿಶ್ವವಿದ್ಯಾಲಯ ಇದೆ, ಟ್ರಸ್ಟಿನ ಕೈಯಲ್ಲಿ ಶಾಲೆಗಳಿವೆ, ಸುತ್ತ ಪಂಚಾಯಿತಿಗಳಿವೆ, ಕೂಗಳತೆಯಲ್ಲಿ ಬಿ.ಎಂ. ಶ್ರೀಕಂಠಯ್ಯನವರ ಹೆಸರಿನ ಮೊದಲಕ್ಷರದಲ್ಲಿ ಕೂತಿರೋ ಬೆಳ್ಳೂರು ಇದೆ. 2023ರಲ್ಲಿ ಒಬ್ಬ ಸಚಿವರನ್ನು ಕರೆಸಿ ಆಧಾರ ಕೇಳಿದ ಜಾಗ ಅದು. ಮಠದ ಶಿಕ್ಷಣ ಸಂಸ್ಥೆಗಳ ಬಗ್ಗೆ ನಮ್ಮಲ್ಲಿ ಅನೇಕರಿಗೆ ತಕರಾರುಗಳಿವೆ, ನನಗೂ ಇವೆ. ಆದರೂ ಆ ಪ್ರಶ್ನೆ ಅಲ್ಲಿಂದ ಬಂತು ಅನ್ನೋದು ನಿಜ, ಅದನ್ನು ಶಾಲೆಗೆ ಇಳಿಸೋ ಜವಾಬ್ದಾರಿಯನ್ನು ಅವರಿಗೆ ನೆನಪಿಸೋದರಲ್ಲಿ ತಪ್ಪಿಲ್ಲ.

ಸರ್ಕಾರಿ ಕಡೆ ಕೆಲಸ ಇನ್ನೂ ಸಣ್ಣದು. ಬಿ.ಇಡಿ ಇಂಟರ್ನ್‌ಶಿಪ್‌ಗೆ ಶಾಲೆ ಹಂಚುವಾಗ 16 ವಾರಗಳಲ್ಲಿ ಎರಡು ವಾರ ಅದೇ ಊರಿನ ಅರಿವು ಕೇಂದ್ರಕ್ಕೆ ಅಂತ ಆದೇಶದಲ್ಲಿ ಒಂದು ಸಾಲು ಸೇರಿಸಬೇಕು. ಮೇಲ್ವಿಚಾರಕರ ಜೊತೆ ಕೂಡಿ ಒಂದು ಪಾಠಕ್ಕೆ ಪುಸ್ತಕ ಆರಿಸಿ ಮಾಡಿದ ತರಗತಿಗೆ ಅಂಕ ಇಡಬೇಕು, ಆ ಅಂಕದ ಹಾಳೆಗೆ ಮೇಲ್ವಿಚಾರಕರೂ ಸಹಿ ಹಾಕಬೇಕು, ಅವರಿಗೆ ಅದಕ್ಕೊಂದು ಭತ್ಯೆ ಕೊಡಬೇಕು. ಬೀರುವಿನಿಂದ ಮಕ್ಕಳ ಕೈಗೆ ಹೋಗಿ ಸವೆದ ಪುಸ್ತಕವನ್ನು ವರ್ಷಕ್ಕೊಮ್ಮೆ ದಾಸ್ತಾನಿನಿಂದ ತೆಗೆಯೋಕೆ ಮುಖ್ಯ ಶಿಕ್ಷಕರಿಗೆ ಅಧಿಕಾರ ಕೊಡಬೇಕು. ಇದಕ್ಕೆ ಬೇಕಾಗಿರೋದು ಶಿಕ್ಷಣ ಇಲಾಖೆಯ ಒಂದು ಸಹಿ, ಪಂಚಾಯತ್ ರಾಜ್ ಇಲಾಖೆಯ ಒಂದು ಸಹಿ, ಎರಡೂ ಒಂದೇ ಹಾಳೆಯ ಮೇಲೆ.